ಲಾಟರಿಗೆ ಪಾತ್ರೆ ಚೀಟಿಯ ವೇಷ: ‘ಗೆನ್ಶಿನ್ ಇಂಪ್ಯಾಕ್ಟ್’ ಎಂಬ ಪುಕ್ಕಟೆ ಆಟದ ಲೆಕ್ಕ

ತುಮಕೂರಿನ ಅಕ್ಕನ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿದ್ದೆ. ಒಂಬತ್ತನೇ ಕ್ಲಾಸಿನ ಅವಳ ಮಗ ಪಕ್ಕಕ್ಕೆ ಬಂದು ಕೂತ. “ಮಾಮ, ನಿನ್ನ ಕೈಗುಣ ಚೆನ್ನಾಗಿದೆ ಅಂತ ಅಜ್ಜಿ ಯಾವಾಗ್ಲೂ ಹೇಳ್ತಾರೆ. ಇಲ್ಲಿ ಒಂದ್ಸಲ ಒತ್ತು” ಅಂತ ಫೋನು ಮುಂದೆ ಹಿಡಿದ. ಒತ್ತಿದೆ. ಪರದೆ ತುಂಬ ರಾತ್ರಿಯ ಆಕಾಶ. ಅದರಲ್ಲೊಂದು ಉಲ್ಕೆ ಜಾರಿ ಬಂತು. “ಬಣ್ಣ ನೋಡು, ಬಣ್ಣ ನೋಡು” ಅಂತ ಹುಡುಗ ಉಸಿರು ಬಿಗಿಹಿಡಿದಿದ್ದ. ಉಲ್ಕೆ ಚಿನ್ನದ ಬಣ್ಣಕ್ಕೆ ತಿರುಗಿತು. ಅವನು ಸೋಫಾದಿಂದ ಎದ್ದೇ ನಿಂತ.

ಆಮೇಲೆ ಒಂದೊಂದೇ ವಸ್ತು ಹೊರಗೆ ಬಂತು. ಒಂದು ಕತ್ತಿ, ಒಂದು ಪುಸ್ತಕ, ಮತ್ತೊಂದು ಕತ್ತಿ, ಒಂದು ಬಿಲ್ಲು. ಕೊನೆಗೆ ಚಿನ್ನದ ಬೆಳಕಿನಲ್ಲಿ, ಹಣೆ ಮೇಲೆ ತಾಯತದ ಚೀಟಿ ಇಳಿಬಿಟ್ಟ ಒಂದು ಪುಟ್ಟ ಹುಡುಗಿ. “ಛೀ!” ಅಂದ ನಮ್ಮ ಹುಡುಗ. ತಮಾಷೆ ಏನೆಂದರೆ ಆ ಪಾತ್ರದ ಹೆಸರೇ ಚೀಚೀ. ಇಡೀ ಜಗತ್ತಿನಲ್ಲಿ ಆಕೆ ಬಂದಾಗ ಸರಿಯಾದ ಉಚ್ಚಾರಣೆಯಲ್ಲಿ ಬೈಯುವ ಭಾಗ್ಯ ಕನ್ನಡದವರಿಗೆ ಮಾತ್ರ ಇರಬೇಕು.

“ಫಿಫ್ಟಿ-ಫಿಫ್ಟಿ ಸೋತೆ ಮಾಮ. ಎರಡು ತಿಂಗಳು ಕೂಡಿಟ್ಟಿದ್ದೆ.”

“ದುಡ್ಡು ಹೋಯ್ತಾ?”

“ದುಡ್ಡೆಲ್ಲಿ? ಇದು ಫ್ರೀ ಆಟ.”

ಎರಡು ತಿಂಗಳು ಕೂಡಿಟ್ಟಿದ್ದು ಒಂದು ನಿಮಿಷದಲ್ಲಿ ಹೋಗಿದೆ, ಆದರೂ ಆಟ ಫ್ರೀ. ಇದು ಹೇಗೆ ಅಂತ ತಲೆಗೆ ಹುಳ ಬಿಟ್ಟುಕೊಂಡೆ. ಅವತ್ತಿನಿಂದ ನಾನೂ ಆಡಿದ್ದೇನೆ, ಲೆಕ್ಕವನ್ನೂ ಹಾಕಿದ್ದೇನೆ. ನಿಜ ಹೇಳಬೇಕೆಂದರೆ ಆಟಕ್ಕಿಂತ ಅದರ ಲೆಕ್ಕವೇ ನನಗೆ ಹೆಚ್ಚು ಹಿಡಿಸಿತು.

ಮೊದಲು ಆಟದ ಬಗ್ಗೆ. ‘ಗೆನ್ಶಿನ್ ಇಂಪ್ಯಾಕ್ಟ್’ ಮಾಡಿದ್ದು ಚೀನಾದ ಶಾಂಘೈನ ಮಿಹೋಯೋ ಕಂಪನಿ. ಶಾಂಘೈ ಜಿಯಾವೊ ತೊಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮೂವರು ಹುಡುಗರು ಕಟ್ಟಿದ ಕಂಪನಿ ಅದು. ಹೊರದೇಶಗಳಲ್ಲಿ ಹೋಯೋವರ್ಸ್ ಎಂಬ ಹೆಸರಿನಲ್ಲಿ ವ್ಯವಹಾರ ಮಾಡುತ್ತದೆ. ಆಟ ಬಿಡುಗಡೆಯಾಗಿದ್ದು 2020ರ ಸೆಪ್ಟೆಂಬರ್ 28ರಂದು. ಫೋನ್, ಕಂಪ್ಯೂಟರ್, ಪ್ಲೇಸ್ಟೇಷನ್ ಮೂರರಲ್ಲೂ ಒಂದೇ ದಿನ ಬಂತು. ತಯಾರಿಗೆ ಸುಮಾರು 10 ಕೋಟಿ ಡಾಲರ್ ಆಗಿದೆ ಎಂಬ ಲೆಕ್ಕ ಆಗ ಪ್ರಕಟವಾಗಿತ್ತು. ಅಷ್ಟು ದುಡ್ಡು ಸುರಿದ ಆಟವನ್ನು ಡೌನ್‌ಲೋಡ್ ಮಾಡಲು ಒಂದು ಪೈಸೆ ಕೊಡಬೇಕಿಲ್ಲ. ನಡುನಡುವೆ ಜಾಹೀರಾತೂ ಬರುವುದಿಲ್ಲ.

ಆಟ ನಿಜಕ್ಕೂ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತೇವತ್ ಎಂಬ ಲೋಕ. ಏಳು ನಾಡು, ಏಳು ಭೂತಶಕ್ತಿ: ಬೆಂಕಿ, ನೀರು, ಗಾಳಿ, ಸಿಡಿಲು, ಹಿಮ, ಕಲ್ಲು, ಗಿಡ. ಕಳೆದುಹೋದ ಒಡಹುಟ್ಟನ್ನು ಹುಡುಕಿಕೊಂಡು ಹೊರಟ ಪ್ರಯಾಣಿಕ ನೀವು. ನಾಲ್ಕು ಪಾತ್ರಗಳ ತಂಡ ಕಟ್ಟಿಕೊಂಡು ಒಬ್ಬರಿಂದ ಇನ್ನೊಬ್ಬರಿಗೆ ಬದಲಾಯಿಸುತ್ತಾ ಹೋರಾಡಬೇಕು. ಒಬ್ಬ ನೀರು ಎರಚುತ್ತಾನೆ, ಇನ್ನೊಬ್ಬಳು ಹಿಮ ಊದುತ್ತಾಳೆ, ಎದುರಾಳಿ ಹೆಪ್ಪುಗಟ್ಟಿ ನಿಲ್ಲುತ್ತಾನೆ. ನೀರಲ್ಲಿ ಒದ್ದೆಯಾದವನ ಮೇಲೆ ಬೆಂಕಿ ಬಿದ್ದರೆ ಏಟಿನ ಜೋರು ಒಂದೂವರೆ ಪಟ್ಟು. ಅದೇ ಬೆಂಕಿ ಹತ್ತಿದವನ ಮೇಲೆ ನೀರು ಬಿದ್ದರೆ ಎರಡು ಪಟ್ಟು. ಒಗ್ಗರಣೆಗೆ ಯಾವುದನ್ನು ಮೊದಲು ಹಾಕಬೇಕು ಎಂಬಂಥ ಲೆಕ್ಕ ಇದು. ಕ್ರಮ ತಪ್ಪಿದರೆ ರುಚಿ ಬೇರೆ.

ನಮ್ಮವರಿಗೆ ಇನ್ನೊಂದು ಖುಷಿ ಇದೆ. 2022ರ ಆಗಸ್ಟ್‌ನಲ್ಲಿ ಸುಮೇರು ಎಂಬ ನಾಡು ಸೇರಿತು. ಮೇರು ಪರ್ವತದ ಸುಮೇರುವೇ. ಅಲ್ಲಿ ಗಂಧರ್ವ ಎಂಬ ಹೆಸರಿನ ಹಳ್ಳಿ, ಅವಿದ್ಯಾ ಎಂಬ ಕಾಡು, ದೇವಾಂತಕ ಎಂಬ ಬೆಟ್ಟ. ಎಲ್ಲರ ಕಿವಿಗೆ ಸಿಕ್ಕಿಸಿದ ಜ್ಞಾನದ ಯಂತ್ರಕ್ಕೆ ಆಕಾಶ ಎಂದು ಹೆಸರು. ಕಾಡಿನ ಪುಟ್ಟ ಜೀವಿಗಳ ಉದ್ದನೆಯ ಕಥೆಗೆ ಆರಣ್ಯಕ ಎಂದೇ ಹೆಸರಿಟ್ಟಿದ್ದಾರೆ. ಅವುಗಳ ಊರು ವನರಾಣ. ಕಾಡನ್ನು ಕೊಳೆಸುವ ರೋಗಕ್ಕೆ ಮರಣ. ಮಳೆ ತರಿಸುವ ಯಂತ್ರಕ್ಕೆ ವರುಣ. ಅಮೆರಿಕದ ಹುಡುಗ ನಿಘಂಟು ಹುಡುಕಬೇಕಾದ ಜಾಗದಲ್ಲಿ ನಮ್ಮ ಒಂಬತ್ತನೇ ಕ್ಲಾಸಿನವನು ಸುಮ್ನೆ ತಲೆಯಾಡಿಸಿಕೊಂಡು ಮುಂದೆ ಹೋಗುತ್ತಾನೆ.

ಈ ಕಥೆ, ಈ ಕಾಡು, ಈ ಸಂಗೀತ ಎಲ್ಲ ಪೂರ್ತಿ ಪುಕ್ಕಟೆ. ಶುರುವಿನಲ್ಲಿ ಆಟ ಕೊಡುವ ಪಾತ್ರಗಳನ್ನೇ ಬೆಳೆಸಿಕೊಂಡು ಮುಖ್ಯ ಕಥೆ ಮುಗಿಸಬಹುದು. ದುಡ್ಡು ಕೊಟ್ಟವನು ಕೊಡದವನನ್ನು ಬಂದು ಹೊಡೆಯುವ ಕಾಳಗವೂ ಇಲ್ಲ. ಹಾಗಾದರೆ ಅಂಗಡಿ ಎಲ್ಲಿದೆ?

ಅಂಗಡಿ ಇರುವುದು ಆ ಉಲ್ಕೆಯಲ್ಲಿ. ಹೊಸ ಪಾತ್ರಗಳನ್ನು ನೇರವಾಗಿ ಕೊಳ್ಳುವ ಹಾಗಿಲ್ಲ, ಎಳೆಯಬೇಕು. ಇದಕ್ಕೆ ಗಾಚಾ ಎನ್ನುತ್ತಾರೆ. ಹೆಸರು ಬಂದಿದ್ದು ಜಪಾನಿನ ಗಾಚಾಪೋನ್ ಯಂತ್ರಗಳಿಂದ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗೋಲಿಯೊಳಗೆ ಒಂದು ಆಟಿಕೆ ಬೀಳುತ್ತದೆ, ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ‘ಗಾಚಾ’ ಹಿಡಿ ತಿರುಗುವ ಸದ್ದು, ‘ಪೋನ್’ ಗೋಲಿ ಬೀಳುವ ಸದ್ದು.

ಈ ಆಟದಲ್ಲಿ ನಾಣ್ಯ ಒಂದಲ್ಲ, ನಾಲ್ಕು ಹಂತ. ನಿಜವಾದ ದುಡ್ಡು ಕೊಟ್ಟರೆ ಸಿಗುವುದು ಜೆನೆಸಿಸ್ ಕ್ರಿಸ್ಟಲ್. ಅದನ್ನು ಒಂದಕ್ಕೊಂದರಂತೆ ಪ್ರೈಮೋಜೆಮ್ ಎಂಬ ಹರಳಿಗೆ ಬದಲಾಯಿಸಬೇಕು. 160 ಪ್ರೈಮೋಜೆಮ್ ಕೊಟ್ಟರೆ ಒಂದು ‘ಫೇಟ್’. ಆ ಫೇಟ್ ಒಂದನ್ನು ಕೊಟ್ಟರೆ ಒಂದು ಪುಲ್, ಅಂದರೆ ಒಂದು ಸಲ ಎಳೆಯುವ ಅವಕಾಶ. ಜಾತ್ರೆಯಲ್ಲಿ ಟೋಕನ್ ಕೌಂಟರ್ ಇರುತ್ತದಲ್ಲ, ಹಾಗೆ. ಕೈಯಲ್ಲಿ ನೂರರ ನೋಟಿದ್ದಾಗ ನಾವು ಗಟ್ಟಿ. ಅದು ಕೆಂಪು-ಹಳದಿ ಟೋಕನ್ ಆದ ಮೇಲೆ ಕೈ ಸಡಿಲ. ಇಲ್ಲಂತೂ ಟೋಕನ್ ಕೊಟ್ಟು ಟೋಕನ್ ತಗೊಂಡು, ಅದನ್ನು ಕೊಟ್ಟು ಇನ್ನೊಂದು ಟೋಕನ್ ತಗೋಬೇಕು. ಮೂರನೇ ಟೋಕನ್ ಹೊತ್ತಿಗೆ ಒಂದು ಪುಲ್‌ಗೆ ಎಷ್ಟು ದುಡ್ಡಾಯಿತು ಅಂತ ಯಾರಿಗೂ ನೆನಪಿರುವುದಿಲ್ಲ.

ಚಿಲ್ಲರೆಯ ಆಟ ಇನ್ನೂ ಮಜವಾಗಿದೆ. ಡಾಲರ್ ಬೆಲೆಯಲ್ಲೇ ನೋಡೋಣ. ತೀರ ಸಣ್ಣ ಪ್ಯಾಕ್ 99 ಸೆಂಟ್‌ಗೆ 60 ಕ್ರಿಸ್ಟಲ್. ಒಂದು ಪುಲ್‌ಗೆ ಬೇಕಾದದ್ದು 160. ಮೂರು ಪ್ಯಾಕ್ ಕೊಂಡರೆ 180 ಆಗುತ್ತದೆ, 20 ಉಳಿಯುತ್ತದೆ. ಮುಂದಿನ ಪ್ಯಾಕ್‌ನಲ್ಲಿ ಬೋನಸ್ ಸೇರಿ 330. ಎರಡು ಪುಲ್ ಆಗಿ 10 ಉಳಿಯುತ್ತದೆ. ದೊಡ್ಡ ಪ್ಯಾಕ್ 99.99 ಡಾಲರ್. ಬೋನಸ್ ಸೇರಿ 8,080. ಐವತ್ತು ಪುಲ್ ಆಗಿ 80 ಉಳಿಯುತ್ತದೆ. ಆ ಉಳಿದ ಚಿಲ್ಲರೆ ಜೇಬಿನಲ್ಲಿ ಸದ್ದು ಮಾಡುತ್ತಲೇ ಇರುತ್ತದೆ. ‘ಇನ್ನೊಂದು ಚೂರು ಹಾಕಿದರೆ ಇನ್ನೊಂದು ಪುಲ್.’ ದೊಡ್ಡ ಪ್ಯಾಕ್ ಕೊಂಡವನಿಗೂ ಒಂದು ಪುಲ್‌ಗೆ ಹೆಚ್ಚುಕಡಿಮೆ 2 ಡಾಲರ್ ಬೀಳುತ್ತದೆ. ಪ್ರತಿ ಪ್ಯಾಕ್‌ನ ಮೊದಲ ಖರೀದಿಗೆ ದುಪ್ಪಟ್ಟು ಕೊಡುತ್ತಾರೆ, ಅದು ಬೇರೆ ಮಾತು.

ಎರಡು ಡಾಲರ್ ಕೊಟ್ಟರೆ ಏನು ಸಿಗುತ್ತದೆ? ಬಹುಪಾಲು ಏನೂ ಇಲ್ಲ. ಎಲ್ಲರಿಗೂ ಬೇಕಾದ ಐದು ನಕ್ಷತ್ರದ ಪಾತ್ರ ಬರುವ ಸಾಧ್ಯತೆ ಪ್ರತಿ ಪುಲ್‌ಗೆ ಶೇ 0.6. ಕಂಪನಿಯೇ ಆಟದೊಳಗೆ ಬರೆದಿರುವ ಸಂಖ್ಯೆ ಇದು. ಸಾವಿರ ಸಲ ಎಳೆದರೆ ಆರು. ನಾಲ್ಕು ನಕ್ಷತ್ರದ್ದು ಶೇ 5.1. ಮಿಕ್ಕಿದ್ದೆಲ್ಲ ಮೂರು ನಕ್ಷತ್ರದ ಕತ್ತಿ, ಪುಸ್ತಕ, ಬಿಲ್ಲು. ಹುಡುಗ ಅವನ್ನು ಗುಜರಿ ಎನ್ನುತ್ತಾನೆ, ಸರಿಯಾಗಿಯೇ ಹೇಳುತ್ತಾನೆ.

ಇಷ್ಟೇ ಆಗಿದ್ದರೆ ಇದು ಬರೀ ಲಾಟರಿ. 2007ರಲ್ಲಿ ಲಾಟರಿ ನಿಷೇಧ ಆಗುವವರೆಗೂ ಕರ್ನಾಟಕದ ಬಸ್ ಸ್ಟ್ಯಾಂಡುಗಳಲ್ಲಿ ಗೂಡಂಗಡಿಗೆ ತೋರಣದ ಹಾಗೆ ಟಿಕೆಟ್ ಕಟ್ಟಿರುತ್ತಿದ್ದರು. ಅವರ ಹತ್ತಿರ ಹೋಗಿ ‘90 ಟಿಕೆಟ್ ತಗೊಂಡಿದ್ದೀನಿ, ಇನ್ನಾದರೂ ಕೊಡಪ್ಪ’ ಅಂದರೆ ನಗುತ್ತಿದ್ದರು. ಆದರೆ ಗೆನ್ಶಿನ್‌ನಲ್ಲಿ ಹಾಗೆ ಕೇಳಬಹುದು. 90ನೇ ಪುಲ್‌ಗೆ ಐದು ನಕ್ಷತ್ರದ ಪಾತ್ರ ಬರಲೇಬೇಕು. ಇದಕ್ಕೆ ಆಟಗಾರರು ‘ಪಿಟಿ’ ಎನ್ನುತ್ತಾರೆ. ಕನಿಕರ ಅಂತ. ಇಡೀ ಅಂಗಡಿಯಲ್ಲಿ ಅತಿ ಜಾಣತನದ ವಸ್ತು ಇದೇ ಅಂತ ನನ್ನ ಅಭಿಪ್ರಾಯ.

ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಪಾತ್ರೆ ಚೀಟಿ ನಡೆಯುತ್ತಿತ್ತು. ವಾರಕ್ಕಿಷ್ಟು ಅಂತ ಕಟ್ಟಬೇಕು. ಕಟ್ಟಿದಾಗೆಲ್ಲ ಹಳದಿ ಕಾರ್ಡಿನ ಚೌಕದಲ್ಲಿ ಒಂದು ಸಹಿ. ವಾರಕ್ಕೊಮ್ಮೆ ಡಬ್ಬಿಯಿಂದ ಚೀಟಿ ಎತ್ತಿಸುತ್ತಿದ್ದರು, ಸಾಮಾನ್ಯವಾಗಿ ಯಾವುದಾದರೂ ಮಗುವಿನ ಕೈಲಿ. ಹೆಸರು ಬಂದವರಿಗೆ ಅವತ್ತೇ ಕುಕ್ಕರ್, ಉಳಿದ ಕಂತು ಮಾಫಿ. ಹೆಸರು ಬರದವರು ಕೊನೆಯವರೆಗೂ ಕಟ್ಟಿ ಕುಕ್ಕರ್ ತಗೋಬೇಕು. ನಮ್ಮಮ್ಮನ ಹೆಸರು ಒಂದು ವಾರವೂ ಬರಲಿಲ್ಲ. ಆದರೂ ಅಮ್ಮನಿಗೆ ಬೇಜಾರಿರಲಿಲ್ಲ. ‘ಎಲ್ಲಿಗೆ ಹೋಗುತ್ತೆ, ಕೊನೆಗೆ ಬಂದೇ ಬರುತ್ತಲ್ಲ.’ ಬಂತು ಕೂಡ.

ಪಿಟಿ ಮಾಡುವುದು ಇದನ್ನೇ. ಲಾಟರಿಗೆ ಪಾತ್ರೆ ಚೀಟಿಯ ವೇಷ ಹಾಕುತ್ತದೆ. ಇಪ್ಪತ್ತು ಪುಲ್ ಖಾಲಿ ಹೋದರೆ ಲಾಟರಿ ಆಡಿದವನಿಗೆ ‘ಸೋತೆ’ ಅನ್ನಿಸುತ್ತದೆ. ಪಿಟಿ ಇರುವ ಕಡೆ ‘ಇಪ್ಪತ್ತು ಕಂತು ಕಟ್ಟಿದೆ’ ಅನ್ನಿಸುತ್ತದೆ. ಸೋಲೆಲ್ಲ ಉಳಿತಾಯದ ಹಾಗೆ ಕಾಣುತ್ತದೆ.

ಈ ಕಾರ್ಡಿನೊಳಗೆ ಇನ್ನೊಂದು ಒಳಗುಟ್ಟು ಇದೆ. ಕಂಪನಿ ಶೇ 0.6ರ ಜೊತೆಗೆ ‘ಖಾತರಿಯೂ ಸೇರಿ ಶೇ 1.6’ ಅಂತ ಇನ್ನೊಂದು ಸಂಖ್ಯೆ ಬರೆದಿದೆ. ಅಂದರೆ ಸರಾಸರಿ 62-63 ಪುಲ್‌ಗೆ ಒಂದು. ಬರೀ 0.6 ಇದ್ದು 90ಕ್ಕೆ ಖಾತರಿ ಅಂದರೆ ಸರಾಸರಿ ಇಷ್ಟು ಕಮ್ಮಿ ಬರುವುದಿಲ್ಲ. ಎಲ್ಲೋ ನಡುವೆ ಸಾಧ್ಯತೆ ಏರುತ್ತಿರಬೇಕು, ಅಲ್ವಾ? ಆಟಗಾರರು ತಮ್ಮ ತಮ್ಮ ಪುಲ್‌ಗಳ ದಾಖಲೆಯನ್ನು ಒಟ್ಟು ಹಾಕಿ ಕಂಡುಹಿಡಿದರು: 73ರವರೆಗೆ 0.6 ಹಾಗೇ ಇರುತ್ತದೆ, 74ರಿಂದ ಪ್ರತಿ ಪುಲ್‌ಗೆ ಸುಮಾರು ಶೇ 6ರಂತೆ ಮೇಲೇರುತ್ತದೆ. ಇದಕ್ಕೆ ‘ಸಾಫ್ಟ್ ಪಿಟಿ’ ಎಂಬ ಹೆಸರು. ಇದರ ಮೇಲೆ ಲೆಕ್ಕ ಹಾಕಿದರೆ, ನೂರು ಜನ ಎಳೆಯಲು ಕೂತರೆ ಮೊದಲ 73 ಪುಲ್‌ನಲ್ಲಿ ಸುಮಾರು 35 ಜನಕ್ಕೆ ಬರುತ್ತದೆ. ಉಳಿದ 65 ಜನರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮುಂದಿನ ಹತ್ತು ಪುಲ್‌ನಲ್ಲೇ ಬಂದುಬಿಡುತ್ತದೆ. 90ರ ತನಕ ಹೋಗುವವರು ಇಲ್ಲವೇ ಇಲ್ಲ ಎನ್ನಬಹುದು.

ಇದರ ಪರಿಣಾಮ ಏನು ಗೊತ್ತಾ? ಪ್ರತಿಯೊಬ್ಬರಿಗೂ ‘90ಕ್ಕಿಂತ ಮೊದಲೇ ಬಂತು’ ಎಂಬ ಖುಷಿ. ಬಸ್ ಒಂಬತ್ತಕ್ಕೆ ಅಂತ ಬೋರ್ಡ್ ಹಾಕಿ ಎಂಟೂಮುಕ್ಕಾಲಿಗೆ ಬಿಟ್ಟರೆ ಡ್ರೈವರ್ ಒಳ್ಳೆಯವನು ಅನ್ನಿಸುವುದಿಲ್ಲವೇ, ಹಾಗೆ.

ಈಗ ಫಿಫ್ಟಿ-ಫಿಫ್ಟಿಗೆ ಬರೋಣ. ಪಾತ್ರೆ ಚೀಟಿಯಲ್ಲಿ ಕೊನೆಗೆ ಬರುವುದು ಕುಕ್ಕರ್ ಅಂದರೆ ಕುಕ್ಕರೇ. ಇಲ್ಲಿ ಹಾಗಲ್ಲ. ಪ್ರತಿ ಮೂರು ವಾರಕ್ಕೊಮ್ಮೆ ‘ಬ್ಯಾನರ್’ ಬದಲಾಗುತ್ತದೆ, ಒಂದು ಪಾತ್ರದ ಚಿತ್ರ ಮೇಲೆ ಹಾಕಿರುತ್ತಾರೆ. ಪಿಟಿ ತುಂಬಿದಾಗ ಐದು ನಕ್ಷತ್ರದ್ದು ಒಂದು ಬರುವುದು ಖಚಿತ, ಆದರೆ ಚಿತ್ರದಲ್ಲಿರುವ ಪಾತ್ರವೇ ಬರುವ ಸಾಧ್ಯತೆ ಅರ್ಧ. ಇನ್ನರ್ಧದಲ್ಲಿ ಯಾವಾಗಲೂ ಅಂಗಡಿಯಲ್ಲಿ ಬಿದ್ದಿರುವ ಹಳೇ ಸ್ಟಾಕ್ ಬರುತ್ತದೆ. ಚೀಚೀ ಆ ಹಳೇ ಸ್ಟಾಕಿನವಳು. ಕುಕ್ಕರ್‌ಗೆ ಕಟ್ಟಿದವರಿಗೆ ಇಡ್ಲಿ ಸ್ಟ್ಯಾಂಡ್ ಕೊಟ್ಟು ‘ಮುಂದಿನ ಸಲ ಕುಕ್ಕರೇ ಕೊಡ್ತೀವಿ, ಇದೋ ಹೊಸ ಕಾರ್ಡ್’ ಅಂದ ಹಾಗೆ. ಮುಂದಿನ ಸಲ ನಿಜಕ್ಕೂ ಕೊಡುತ್ತಾರೆ, ಮೋಸವಿಲ್ಲ. 2024ರ ಆಗಸ್ಟ್‌ನಲ್ಲಿ ಈ ಅರ್ಧವನ್ನು ಸ್ವಲ್ಪ ಸಡಿಲಿಸಿದರು. ಈಗ ಒಟ್ಟಾರೆ ಶೇ 55 ಎಂದು ಬರೆದಿದ್ದಾರೆ.

ಹಾಗಾಗಿ ಬೇಕಾದ ಪಾತ್ರಕ್ಕೆ ಸರಾಸರಿ 90 ಪುಲ್. ಕೆಟ್ಟ ಹಣೆಬರಹಕ್ಕೆ 180. ದುಡ್ಡು ಕೊಟ್ಟೇ ಎಳೆದರೆ ಸರಾಸರಿ 180 ಡಾಲರ್, ಕೆಟ್ಟದ್ದಕ್ಕೆ 350 ಡಾಲರ್‌ಗೂ ಮೇಲೆ. ಒಂದು ಪಾತ್ರಕ್ಕೆ. ಅದೇ ಪಾತ್ರ ಮತ್ತೆ ಮತ್ತೆ ಬಂದರೆ ಅದರ ಶಕ್ತಿ ಹೆಚ್ಚುತ್ತದೆ. ಪೂರ್ತಿ ಶಕ್ತಿ ಬೇಕೆಂದರೆ ಒಟ್ಟು ಏಳು ಸಲ ಬರಬೇಕು. ಗುಣಿಸಿ ನೋಡಿ, ಸಾವಿರ ಡಾಲರ್ ದಾಟುತ್ತದೆ. ಇಷ್ಟು ಖರ್ಚು ಮಾಡುವವರನ್ನು ಈ ಧಂಧೆಯಲ್ಲಿ ‘ವೇಲ್’ ಎನ್ನುತ್ತಾರೆ. ತಿಮಿಂಗಿಲ. ಪುಕ್ಕಟೆ ಆಟಗಳೆಲ್ಲ ನಿಂತಿರುವುದೇ ಈ ಲೆಕ್ಕದ ಮೇಲೆ: ಹೆಚ್ಚಿನವರು ಏನೂ ಕೊಡುವುದಿಲ್ಲ, ಸ್ವಲ್ಪ ಜನ ತುಂಬ ಕೊಡುತ್ತಾರೆ. ಕೊಡದವರಿಂದ ಕಂಪನಿಗೆ ನಷ್ಟವಿಲ್ಲ. ಅವರು ಚಿತ್ರ ಬರೆಯುತ್ತಾರೆ, ವಿಡಿಯೊ ಮಾಡುತ್ತಾರೆ, ಕ್ಲಾಸಿನಲ್ಲಿ ಕೂತು ಯಾವ ಪಾತ್ರ ಮೇಲು ಅಂತ ಜಗಳ ಆಡುತ್ತಾರೆ. ಜಾತ್ರೆ ಅನ್ನಿಸುವುದೇ ಜನ ಇದ್ದರೆ.

ಇನ್ನು ನಮ್ಮ ಹುಡುಗ. ಅವನು ಕಟ್ಟುತ್ತಿರುವುದು ದಿನಗಳನ್ನು. ದಿನಕ್ಕೆ ನಾಲ್ಕು ಸಣ್ಣ ಕೆಲಸ ಮುಗಿಸಿದರೆ 60 ಪ್ರೈಮೋಜೆಮ್ ಕೂಲಿ. ಯಾರದೋ ಬೆಕ್ಕು ಹುಡುಕಿಕೊಡು, ಯಾರಿಗೋ ಊಟ ತಲುಪಿಸು, ಇಂಥವು. ಒಂದು ಪುಲ್‌ಗೆ ಸುಮಾರು ಎರಡೂಮುಕ್ಕಾಲು ದಿನದ ಕೂಲಿ ಬೇಕು. ಒಂದು ದಿನ ತಪ್ಪಿಸಿದರೆ ಆ ದಿನದ್ದು ಹೋದಂತೆ. ದುಡ್ಡು ಕೊಡುವವರಿಗೂ ಇದೇ ಕಟ್ಟುಪಾಡು. ತಿಂಗಳ ಪಾಸ್ 4.99 ಡಾಲರ್. ಅದರಲ್ಲಿ 300 ಕ್ರಿಸ್ಟಲ್ ಕೂಡಲೇ ಸಿಗುತ್ತದೆ, ಆಮೇಲೆ 30 ದಿನ ದಿನಕ್ಕೆ 90 ಪ್ರೈಮೋಜೆಮ್. ಬೆಲೆಗೆ ಹೋಲಿಸಿದರೆ ಇಡೀ ಅಂಗಡಿಯಲ್ಲಿ ಇದರಷ್ಟು ಅಗ್ಗ ಇನ್ನೊಂದಿಲ್ಲ. ಆದರೆ ಆ 90 ಸಿಗುವುದು ಅವತ್ತು ಆಟದೊಳಗೆ ಬಂದವರಿಗೆ ಮಾತ್ರ. ದುಡ್ಡು ಕೊಟ್ಟ ಮೇಲೂ ಹಾಜರಿ ಹಾಕಬೇಕು!

ಅಕ್ಕನ ತಕರಾರು ದುಡ್ಡಿನ ಬಗ್ಗೆ ಅಲ್ಲ. “ನೆಂಟರ ಮನೆಗೆ ಹೋದರೂ ರಾತ್ರಿ ಹತ್ತಕ್ಕೆ ಫೋನ್ ಕೇಳ್ತಾನೆ ಕಣೋ, ಡೈಲಿ ಬಾಕಿ ಇದೆ ಅಂತಾನೆ. ದೇವರಿಗೆ ದೀಪ ಹಚ್ಚೋದು ಮರೆತರೂ ಇದು ಮರೆಯಲ್ಲ” ಅಂತಾಳೆ.

ಪಾತ್ರ ಬಂದರೆ ಮುಗಿಯಿತಾ? ಇಲ್ಲ. ಅದಕ್ಕೆ ಒಡವೆ ತೊಡಿಸಬೇಕು. ಆರ್ಟಿಫ್ಯಾಕ್ಟ್ ಅಂತ ಐದು: ಹೂವು, ಗರಿ, ಮರಳುಗಡಿಯಾರ, ಬಟ್ಟಲು, ಕಿರೀಟ. ಇವು ದುಡ್ಡಿಗೆ ಸಿಗುವುದಿಲ್ಲ. ಗುಹೆಗೆ ಹೋಗಿ ಹೋರಾಡಿ ಗೆಲ್ಲಬೇಕು. ಪ್ರತಿ ಸಲ ಗೆದ್ದಾಗ ಬಹುಮಾನ ಬಿಡಿಸಿಕೊಳ್ಳಲು 20 ‘ರೆಸಿನ್’ ಕೊಡಬೇಕು. ರೆಸಿನ್ ಎಂಟು ನಿಮಿಷಕ್ಕೊಂದು ಊರುತ್ತದೆ. ದಿನಕ್ಕೆ 180. ಅಂದರೆ ತಾನಾಗಿ ಊರಿದ್ದರಲ್ಲಿ ದಿನಕ್ಕೆ ಒಂಬತ್ತು ಸಲ. 200 ತುಂಬಿದ ಮೇಲೆ ಊರುವುದು ನಿಂತುಹೋಗುತ್ತದೆ. ಬಾವಿ ತುಂಬಿತು, ಬಂದು ಸೇದು ಅಂತ ಕರೆಯುವ ಏರ್ಪಾಡು ಇದು.

ನನಗೆ ಬೆಂಕಿಯ ಏಟು ಹೆಚ್ಚಿಸುವ ಬಟ್ಟಲು ಬೇಕಿತ್ತು. ಒಂದು ಗುಹೆಯಲ್ಲಿ ಎರಡು ಬಗೆಯ ಸೆಟ್ ಬೀಳುತ್ತವೆ, ನನಗೆ ಬೇಕಾದದ್ದು ಅರ್ಧ ಸಲ. ಐದು ಒಡವೆಯಲ್ಲಿ ಬಟ್ಟಲೇ ಬೀಳುವುದು ಐದರಲ್ಲೊಂದು. ಬಟ್ಟಲು ಬಿದ್ದರೂ ಅದರಲ್ಲಿ ಬೆಂಕಿಯ ಗುಣವೇ ಬರುವುದು ಇಪ್ಪತ್ತರಲ್ಲೊಂದು. ಮೂರನ್ನೂ ಗುಣಿಸಿದರೆ 200ರಲ್ಲೊಂದು. ದಿನಕ್ಕೆ ಒಂಬತ್ತು ಸಲ ಹೋದರೆ ಸುಮಾರು ಮೂರು ವಾರಕ್ಕೊಂದು ಬಟ್ಟಲು. ಬಿದ್ದ ಬಟ್ಟಲಿನಲ್ಲಿ ಮತ್ತೆ ನಾಲ್ಕು ಸಣ್ಣ ಗುಣಗಳಿರುತ್ತವೆ. ಅವು ಕೆಟ್ಟದಾಗಿದ್ದರೆ ಮೊದಲಿಂದ ಶುರು. ಈಚೆಗೆ ಬೇಡದ ಒಡವೆ ಕೊಟ್ಟು ಬೇಕಾದ್ದು ಮಾಡಿಸಿಕೊಳ್ಳುವ ದಾರಿಗಳನ್ನು ಕೊಟ್ಟಿದ್ದಾರೆ, ಸ್ವಲ್ಪ ಹಗುರವಾಗಿದೆ. ಆದರೆ ಗಮನಿಸಿ, ಉಲ್ಕೆಯ ಕಡೆ ಪಿಟಿ ಇದೆ, ಈ ಗುಹೆಯ ಕಡೆ ಇಲ್ಲ. ನನಗೆ ಇದರಿಂದಲೇ ಒಂದು ವಿಷಯ ಹೊಳೆಯಿತು. ದುಡ್ಡು ಖರ್ಚಾಗುವ ಕಡೆ ಕನಿಕರ ಇಟ್ಟಿದ್ದಾರೆ. ಹೊತ್ತು ಖರ್ಚಾಗುವ ಕಡೆ ಇಟ್ಟಿಲ್ಲ. ಹೊತ್ತು ಕಳೆದವನು ನಾಳೆ ಮತ್ತೆ ಬರುತ್ತಾನೆ. ದುಡ್ಡು ಕಳೆದವನು ಸಿಟ್ಟಾಗಿ ಬಿಟ್ಟು ಹೋಗಬಹುದು.

ಆ ಸಿಟ್ಟಿಗೂ ಚರಿತ್ರೆ ಇದೆ. ಜಪಾನಿನಲ್ಲಿ 2010ರ ಹೊತ್ತಿಗೆ ಫೋನ್ ಆಟಗಳಿಗೆ ಗಾಚಾ ಬಂತು. ಬೇಗನೆ ‘ಕಂಪು ಗಾಚಾ’ ಎಂಬ ಉಪಾಯ ಹುಟ್ಟಿತು. ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳ ಸೆಟ್ ನೆನಪಿದೆಯಾ? ಎಲ್ಲ ಸೇರಿದರೆ ದೊಡ್ಡ ಬಹುಮಾನ, ಯಾವಾಗಲೂ ಕೊನೆಯದೊಂದು ಮಾತ್ರ ಸಿಗುವುದಿಲ್ಲ. ಅದೇ ಇದು. ಮಕ್ಕಳು ದೊಡ್ಡ ಬಿಲ್ ಮಾಡತೊಡಗಿದಾಗ 2012ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಹಕ ವ್ಯವಹಾರಗಳ ಇಲಾಖೆ ಇದು ಕಾನೂನಿಗೆ ವಿರುದ್ಧ ಎಂದಿತು. 2016ರ ಶುರುವಿನಲ್ಲಿ ‘ಗ್ರಾನ್‌ಬ್ಲೂ ಫ್ಯಾಂಟಸಿ’ ಎಂಬ ಆಟದಲ್ಲಿ ಕೋತಿಯ ವರ್ಷಕ್ಕೆಂದು ಬಂದ ಒಂದು ಪಾತ್ರಕ್ಕಾಗಿ ಒಬ್ಬ ಆಟಗಾರ ಜನರೆಲ್ಲ ನೋಡುತ್ತಿದ್ದಂತೆ ಎರಡು ಸಾವಿರಕ್ಕೂ ಹೆಚ್ಚು ಸಲ ಎಳೆದ. ದೊಡ್ಡ ಗಲಾಟೆಯಾಯಿತು. ಆಮೇಲೆ ಆ ಆಟದಲ್ಲಿ 300 ಸಲ ಎಳೆದರೆ ಬೇಕಾದದ್ದು ಖಾತರಿ ಎಂಬ ನಿಯಮ ಬಂತು. ಜನರ ಸಿಟ್ಟು ಆರಿಸಲು ಹಾಕಿದ ಇಂಥ ತಡೆಗಳೇ ನಾಲ್ಕು ವರ್ಷದ ನಂತರ ಗೆನ್ಶಿನ್‌ನಲ್ಲಿ ಮಾರಾಟದ ಆಕರ್ಷಣೆಯಾಗಿ ನಿಂತವು.

ಸಾಧ್ಯತೆಯ ಸಂಖ್ಯೆಗಳು ಆಟದೊಳಗೆ ಬರೆದಿರುವುದೂ ಕಂಪನಿಗಳ ಔದಾರ್ಯವಲ್ಲ. ಚೀನಾದಲ್ಲಿ 2017ರ ಮೇ 1ರಿಂದ ಬರೆಯಲೇಬೇಕು ಎಂಬ ನಿಯಮವಿದೆ. ಅದೇ ವರ್ಷದ ಕೊನೆಗೆ ಆಪಲ್ ಕೂಡ ತನ್ನ ಆಪ್ ಸ್ಟೋರ್‌ನಲ್ಲಿ ಕಡ್ಡಾಯ ಮಾಡಿತು. ಬರೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೊರಿಯಾದ ‘ಮೇಪಲ್‌ಸ್ಟೋರಿ’ ಇದೆ. ಆ ಆಟದಲ್ಲಿ ಆಯುಧ, ಉಡುಪುಗಳ ಗುಣ ಬದಲಾಯಿಸಲು ದುಡ್ಡು ಕೊಟ್ಟು ಕೊಳ್ಳುವ ‘ಕ್ಯೂಬ್’ ಒಂದರಲ್ಲಿ ಜನ ಬಯಸುತ್ತಿದ್ದ ಕೆಲವು ಗುಣಗಳ ಜೋಡಣೆಗಳು ಬರುವ ಸಾಧ್ಯತೆಯನ್ನು ಸದ್ದಿಲ್ಲದೆ ಸೊನ್ನೆ ಮಾಡಿದ್ದರು. ಜನ ಸೊನ್ನೆಗೆ ದುಡ್ಡು ಕಟ್ಟುತ್ತಲೇ ಇದ್ದರು. 2024ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ಆಟ ನಡೆಸುವ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು.

ಗೆನ್ಶಿನ್ ಮೇಲೂ ಕೇಸ್ ಬಂತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎತ್ತಿದ ಮುಖ್ಯ ತಕರಾರುಗಳಲ್ಲಿ ಒಂದು ನಾನು ಮೇಲೆ ಹೇಳಿದ ಟೋಕನ್ ವಿಷಯವೇ. ಹಂತ ಹಂತದ ನಾಣ್ಯಗಳಿಂದ ನಿಜವಾದ ಬೆಲೆ ಮಕ್ಕಳಿಗೂ ದೊಡ್ಡವರಿಗೂ ತಿಳಿಯುವುದಿಲ್ಲ ಎಂಬುದು ಆರೋಪ. 2025ರ ಜನವರಿಯಲ್ಲಿ ಕಂಪನಿ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 16 ವರ್ಷದೊಳಗಿನವರಿಗೆ ತಂದೆತಾಯಿ ಒಪ್ಪಿಗೆ ಇಲ್ಲದೆ ಪುಲ್ ಮಾರಬಾರದು, ನಾಣ್ಯಗಳ ವಿನಿಮಯ ದರ ತಿಳಿಸಬೇಕು, ಇಂಥ ಷರತ್ತುಗಳು. ಇವೆಲ್ಲ ಅಮೆರಿಕದ ಮಾತು.

ನಮ್ಮಲ್ಲಿ ಕಾನೂನಿನ ಕಣ್ಣು ಬೇರೆ ಕಡೆಗಿದೆ. ಕರ್ನಾಟಕ 2021ರಲ್ಲಿ ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯೂ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನೇ ಗುರಿ ಮಾಡಿದೆ. ಗಾಚಾದಲ್ಲಿ ದುಡ್ಡು ಒಳಗೆ ಹೋಗುತ್ತದೆ, ಹೊರಗೆ ಬರುವುದೇ ಇಲ್ಲ. ಗೆದ್ದ ಪಾತ್ರವನ್ನು ಮಾರಲು ಕಂಪನಿಯ ನಿಯಮ ಬಿಡುವುದಿಲ್ಲ. ಅಮ್ಮನ ಕುಕ್ಕರ್ ಇವತ್ತಿಗೂ ಅಡುಗೆಮನೆಯಲ್ಲಿ ಸೀಟಿ ಹೊಡೆಯುತ್ತದೆ. ಈ ಆಟದ ಸರ್ವರ್ ಒಂದು ದಿನ ನಿಂತರೆ ಪಾತ್ರಗಳೂ ಅದರ ಜೊತೆಗೇ ಹೋಗುತ್ತವೆ.

ಹಾಗಂತ ನಾನು ಅಕ್ಕನಿಗೆ ಆಟ ಅಳಿಸು ಅನ್ನಲಿಲ್ಲ. ಎರಡು ಕೆಲಸ ಮಾಡಿಕೊಟ್ಟೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದೆ. ಅದರಲ್ಲಿ ಸೇವ್ ಆಗಿದ್ದ ಭಾವನ ಕಾರ್ಡ್ ತೆಗೆದೆ. ಯುಪಿಐ ಪಿನ್ ಮಗನ ಮುಂದೆ ಒತ್ತಬೇಡ ಅಂದೆ. “ಅವನು ನನ್ನ ಪಿನ್ ಎರಡು ವರ್ಷದಿಂದ ಬಲ್ಲ” ಅಂದಳು. ಅದನ್ನೂ ಬದಲಾಯಿಸಿಕೊಂಡಳು.

ಮೊನ್ನೆ ಮತ್ತೆ ಹೋಗಿದ್ದೆ. ಹುಡುಗ ಹೊಸ ಕಾರ್ಡಿನಲ್ಲಿ 41 ಪುಲ್ ಕಟ್ಟಿದ್ದ. ಫಿಫ್ಟಿ-ಫಿಫ್ಟಿ ಆಗಲೇ ಸೋತಿರುವುದರಿಂದ ಈ ಸಲ ಬ್ಯಾನರ್‌ನ ಪಾತ್ರವೇ ಖಾತರಿ. ಇಬ್ಬರೂ ಅವನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಹೆಚ್ಚೆಂದರೆ ಇನ್ನು 49 ಪುಲ್. ಗುಣಿಸು 160. 7,840 ಪ್ರೈಮೋಜೆಮ್. ದಿನದ ಕೂಲಿ 60ರಿಂದ ಭಾಗಿಸಿದರೆ 131 ದಿನ.

“ಇವೆಂಟ್ ಎಲ್ಲ ಸೇರಿಸಿದ್ರೆ ಅಷ್ಟಾಗಲ್ಲ ಮಾಮ. ದಸರಾ ರಜೆಯೊಳಗೆ ಆಗುತ್ತೆ” ಅಂದ.

“ಬ್ಯಾನರ್ ಎಷ್ಟು ದಿನ ಇದೆ?”

“ಒಂಬತ್ತು.”

ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತ. ಆಮೇಲೆ ಫೋನ್ ತೆಗೆದು ವನರಾಣದ ಕಡೆ ನಡೆದ. ಅಲ್ಲಿ ಇನ್ನೂ ತೆರೆಯದ ಪೆಟ್ಟಿಗೆಗಳಿವೆಯಂತೆ.